ಥಿಯು ಬೇಕೋ, ಕೀ ಬೇಕೋ ಎಂದು ಕೇಳಿದವರು ಊರನ್ನು ಕೇಳಲೇ ಇಲ್ಲ

ವಿಯೆಟ್ನಾಂ ಯುದ್ಧದ ಬಗ್ಗೆ ಕನ್ನಡದಲ್ಲಿ ಈಗ ವಿಡಿಯೊಗಳಿಗೆ ಬರವಿಲ್ಲ. ಹತ್ತು ನಿಮಿಷದಲ್ಲಿ ಇಡೀ ಯುದ್ಧ ಮುಗಿಸಿಬಿಡುತ್ತಾರೆ. ಅವುಗಳಲ್ಲಿ ಬಹಳಷ್ಟು ಒಂದೇ ಮಾತಿಗೆ ಬಂದು ನಿಲ್ಲುತ್ತವೆ: ಅಮೆರಿಕದ ಹತ್ತಿರ ದುಡ್ಡಿತ್ತು, ಬಾಂಬಿತ್ತು, ಹೆಲಿಕಾಪ್ಟರ್ ಇತ್ತು; ದಕ್ಷಿಣ ವಿಯೆಟ್ನಾಂನಲ್ಲಿ ಒಬ್ಬ ಗಟ್ಟಿ ನಾಯಕ ಮಾತ್ರ ಇರಲಿಲ್ಲ. ಇದ್ದವರು ಕುರ್ಚಿಗಾಗಿ ಕಚ್ಚಾಡಿದರು, ಅದಕ್ಕೇ ಸೋತರು.

ಈ ಮಾತನ್ನು ನಾವು ಒಪ್ಪುವುದಿಲ್ಲ. ಸೋತವರು ತಮ್ಮ ಸಮಾಧಾನಕ್ಕೆ ಹೇಳಿಕೊಂಡ ಕಥೆ ಇದು. ನಾಯಕರು ಕಚ್ಚಾಡಿದ್ದು ನಿಜ. ಆದರೆ ಆ ಜಗಳವೇ ದೇಶದ ದೊಡ್ಡ ಸಮಸ್ಯೆ ಎಂದು ಎಣಿಸಿ, ಅದನ್ನು ಬಗೆಹರಿಸಲು ವಾಷಿಂಗ್ಟನ್ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿತಲ್ಲ, ಎಡವಿದ್ದು ಅಲ್ಲಿ. ಯಾರನ್ನು ಕೂರಿಸಬೇಕು ಎಂದು ಚರ್ಚಿಸಿದವರು, ಕೂರಿಸುವ ಹಕ್ಕು ಯಾರದು ಎಂದು ಕೇಳಿಕೊಳ್ಳಲಿಲ್ಲ.

ಇದು ನಮ್ಮ ಊಹೆಯಲ್ಲ. 1971ರಲ್ಲಿ ಅಮೆರಿಕದ ಪತ್ರಿಕೆಗಳು ಹೊರಗೆಡವಿದ ‘ಪೆಂಟಗನ್ ಪೇಪರ್ಸ್’ ಇದೆ. ಆಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯೇ ಸಂಪುಟಗಟ್ಟಲೆ ಪ್ರಕಟಿಸಿದ ತಂತಿ ಸಂದೇಶಗಳು, ಸಭೆಯ ಟಿಪ್ಪಣಿಗಳು ಇವೆ. ಯಾರು ಬೇಕಾದರೂ ಫೋನಿನಲ್ಲೇ ತೆರೆದು ಓದಬಹುದು.

ಮೊದಲ ಕುರ್ಚಿ

1954ರ ಜಿನೀವಾ ಒಪ್ಪಂದದಂತೆ ವಿಯೆಟ್ನಾಂ ತಾತ್ಕಾಲಿಕವಾಗಿ ಎರಡಾಯಿತು. ಒಪ್ಪಂದದ ಮೇಲೆ ಕಣ್ಣಿಡಲು ನೇಮಿಸಿದ ಅಂತರರಾಷ್ಟ್ರೀಯ ಆಯೋಗಕ್ಕೆ ಭಾರತವೇ ಅಧ್ಯಕ್ಷ. ಕೆನಡಾ, ಪೋಲೆಂಡ್ ಸದಸ್ಯರು. 1956ರಲ್ಲಿ ಎರಡೂ ಭಾಗ ಸೇರಿ ಚುನಾವಣೆ ನಡೆಯಬೇಕಿತ್ತು. ದಕ್ಷಿಣದ ನಾಯಕ ನ್ಗೊ ಡಿನ್ ಡಿಯೆಮ್ ಒಲ್ಲೆ ಎಂದರು. ಅಮೆರಿಕ ಅವರ ಬೆನ್ನಿಗೆ ನಿಂತಿತು.

ಅದೇ 1956ರಲ್ಲಿ ಡಿಯೆಮ್ ಇನ್ನೊಂದು ಕೆಲಸ ಮಾಡಿದರು. ಹಳ್ಳಿಗಳ ಚುನಾಯಿತ ಮಂಡಳಿಗಳನ್ನು ರದ್ದು ಮಾಡಿ, ಮೇಲಿನಿಂದ ನೇಮಿಸಿದವರನ್ನು ತಂದು ಕೂರಿಸಿದರು. ಗ್ರಾಮ ಪಂಚಾಯಿತಿ ಚುನಾವಣೆ ಎಂದರೆ ಏನೆಂದು ಬಲ್ಲ ನಿಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಊರಿನ ಕೆರೆ, ದಾರಿ, ಜಮೀನಿನ ತಕರಾರು ಎಲ್ಲವನ್ನೂ ಊರಿಗೆ ಉತ್ತರ ಕೊಡಬೇಕಾಗಿಲ್ಲದವರ ಕೈಗೆ ಒಪ್ಪಿಸಿದ ಹಾಗೆ.

ವಾಷಿಂಗ್ಟನ್‌ಗೆ ಡಿಯೆಮ್ ಮೇಲೆ ಬೇಸರ ಬಂದದ್ದು ನಿಧಾನವಾಗಿ. ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಗಾಲ್‌ಬ್ರೈತ್ 1961ರಲ್ಲೇ ಸೈಗಾನ್‌ಗೆ ಹೋಗಿ ಬಂದು, ಈ ಮನುಷ್ಯ ಬದಲಾಗದೆ ಏನೂ ಆಗದು ಎಂಬರ್ಥದಲ್ಲಿ ಕೆನಡಿಗೆ ಬರೆದಿದ್ದರು. 1963ರಲ್ಲಿ ಬೌದ್ಧ ಭಿಕ್ಷುಗಳ ಪ್ರತಿಭಟನೆಯನ್ನು ಡಿಯೆಮ್ ಮತ್ತು ಅವರ ತಮ್ಮ ನ್ಹು ಬೂಟುಗಾಲಲ್ಲಿ ತುಳಿದಾಗ ಆ ಬೇಸರ ಕಡತಕ್ಕೆ ಇಳಿಯಿತು.

1963ರ ಆಗಸ್ಟ್ 24, ಶನಿವಾರ. ಅಧ್ಯಕ್ಷ ಕೆನಡಿ ವಾರಾಂತ್ಯಕ್ಕೆ ಊರಾಚೆ ಇದ್ದರು. ರಕ್ಷಣಾ ಕಾರ್ಯದರ್ಶಿ, ಸಿಐಎ ಮುಖ್ಯಸ್ಥ ಕೂಡ ಕಚೇರಿಯಲ್ಲಿ ಇರಲಿಲ್ಲ. ಹಿಲ್ಸ್‌ಮನ್, ಹ್ಯಾರಿಮನ್, ಫಾರೆಸ್ಟಲ್ ಎಂಬ ಅಧಿಕಾರಿಗಳು ಒಂದು ಸಂದೇಶ ಸಿದ್ಧಪಡಿಸಿ, ಫೋನಿನಲ್ಲೇ ಒಪ್ಪಿಗೆ ಪಡೆದು ಸೈಗಾನ್‌ನ ರಾಯಭಾರಿ ಲಾಡ್ಜ್‌ಗೆ ಕಳಿಸಿದರು. ಸಾರ ಇಷ್ಟೇ: ತಮ್ಮನನ್ನು ಹೊರಗೆ ಹಾಕಲು ಡಿಯೆಮ್‌ಗೆ ಅವಕಾಶ ಕೊಡಿ, ಆಗದಿದ್ದರೆ ಡಿಯೆಮ್ ಅವರನ್ನೂ ನಾವು ಕಾಪಾಡಲಾರೆವು ಎಂದು ಜನರಲ್‌ಗಳಿಗೆ ತಿಳಿಸಿ.

ನವೆಂಬರ್ 1ರಂದು ಸೈನ್ಯ ದಂಗೆ ಎದ್ದಿತು. ಮರುದಿನ ಅಣ್ಣ, ತಮ್ಮ ಇಬ್ಬರನ್ನೂ ಕೊಂದರು. ನವೆಂಬರ್ 4ರಂದು ಕೆನಡಿ ತಮ್ಮ ಧ್ವನಿಮುದ್ರಣ ಯಂತ್ರದ ಮುಂದೆ ಕೂತು, ಇದರಲ್ಲಿ ನಮ್ಮ ಹೊಣೆಯೂ ದೊಡ್ಡದು, ಆಗಸ್ಟ್‌ನ ಆ ಸಂದೇಶದಿಂದಲೇ ಅದು ಶುರು ಎಂಬರ್ಥದ ಮಾತು ದಾಖಲಿಸಿದರು. ಒಂದು ದೇಶದ ಸರ್ಕಾರದ ಹಣೆಬರಹ ಇನ್ನೊಂದು ದೇಶದ ಅಧಿಕಾರಿಗಳ ಶನಿವಾರದ ಫೋನ್ ಕರೆಗಳಲ್ಲಿ ಬರೆಯಲ್ಪಟ್ಟಿತ್ತು.

ತಳ ಕೆರೆದು ತೆಗೆದವರು

ಡಿಯೆಮ್ ಹೋದರೆ ಎಲ್ಲ ಸರಿಯಾಗುತ್ತದೆ ಎಂದುಕೊಂಡಿದ್ದರು. ಮೂರು ತಿಂಗಳೂ ಆಗಲಿಲ್ಲ, 1964ರ ಜನವರಿ 30ರಂದು ಜನರಲ್ ಖಾನ್ ಇನ್ನೊಂದು ದಂಗೆ ಮಾಡಿ ಜನರಲ್ ಮಿನ್ ಅವರನ್ನು ಇಳಿಸಿದರು. ಅದರ ಮೇಲೆ ಮತ್ತಷ್ಟು ದಂಗೆ, ದಂಗೆಯ ಯತ್ನ. ಡಿಸೆಂಬರ್‌ನಲ್ಲಿ ಕಿರಿಯ ಜನರಲ್‌ಗಳ ಗುಂಪು ನಾಗರಿಕರ ಮಂಡಳಿಯೊಂದನ್ನು ವಿಸರ್ಜಿಸಿದಾಗ, ಆಗಿನ ರಾಯಭಾರಿ ಮ್ಯಾಕ್ಸ್‌ವೆಲ್ ಟೇಲರ್ ಅವರನ್ನು ಕರೆಸಿ ಶಾಲೆ ಮಕ್ಕಳನ್ನು ಬೈದಂತೆ ಬೈದರು: ನಿಮ್ಮ ದಂಗೆಗಳು ನಮಗೆ ಸಾಕಾಗಿವೆ ಎಂದರು. ಬೈಸಿಕೊಂಡವರಲ್ಲಿ ಇಬ್ಬರ ಹೆಸರು ನ್ಗುಯೆನ್ ವಾನ್ ಥಿಯು ಮತ್ತು ನ್ಗುಯೆನ್ ಕಾವೊ ಕೀ.

ಆರು ತಿಂಗಳಲ್ಲಿ, 1965ರ ಜೂನ್‌ನಲ್ಲಿ, ಇದೇ ಇಬ್ಬರು ದೇಶದ ಚುಕ್ಕಾಣಿ ಹಿಡಿದರು. ಥಿಯು ರಾಷ್ಟ್ರದ ಮುಖ್ಯಸ್ಥ, ಕೀ ಪ್ರಧಾನಿ. ಕೀಗೆ ಆಗ 34 ವರ್ಷ. ವಾಯುಪಡೆಯವರು, ಉತ್ತರದಲ್ಲಿ ಹುಟ್ಟಿದವರು, ಬೌದ್ಧರು; ಕಪ್ಪು ಹಾರಾಟದ ಉಡುಪು, ಕೊರಳಿಗೆ ನೇರಳೆ ವಸ್ತ್ರ, ಬಾಯಿಗೆ ಬಂದದ್ದು ಹೇಳುವ ಸ್ವಭಾವ. ಥಿಯು ಭೂಸೇನೆಯವರು, ಕ್ಯಾಥೊಲಿಕ್ ಧರ್ಮಕ್ಕೆ ಸೇರಿದವರು. ಮಾತು ಕಡಿಮೆ, ಲೆಕ್ಕಾಚಾರ ಜಾಸ್ತಿ. ಇವರನ್ನು ನೋಡಿ ಅಮೆರಿಕದ ವಿದೇಶಾಂಗ ಇಲಾಖೆಯ ವಿಲಿಯಂ ಬಂಡಿ, ಪಾತ್ರೆಯ ತಳ ಕೆರೆದಾಗ ಸಿಕ್ಕವರು ಎಂಬರ್ಥದಲ್ಲಿ ಆಮೇಲೆ ಹೇಳಿದ್ದು ಚರಿತ್ರೆಯಲ್ಲಿ ಉಳಿದಿದೆ. ತಳ ಕೆರೆದು ತೆಗೆದವರನ್ನೇ 1966ರ ಫೆಬ್ರುವರಿಯಲ್ಲಿ ಹೊನೊಲುಲುವಿಗೆ ಕರೆಸಿ, ಅಧ್ಯಕ್ಷ ಜಾನ್ಸನ್ ಕ್ಯಾಮೆರಾಗಳ ಮುಂದೆ ತಬ್ಬಿಕೊಂಡರು.

1967: ಇಬ್ಬರಲ್ಲಿ ಯಾರು?

1967ರ ಏಪ್ರಿಲ್ 1ರಂದು ಹೊಸ ಸಂವಿಧಾನ ಬಂತು. ಸೆಪ್ಟೆಂಬರ್ 3ಕ್ಕೆ ಅಧ್ಯಕ್ಷರ ಚುನಾವಣೆ ಎಂದಾಯಿತು. ಕೀ ನಾನೂ ನಿಲ್ಲುತ್ತೇನೆ ಎಂದರು, ಥಿಯು ನಾನೂ ಎಂದರು. ಇಲ್ಲಿಂದ ವಾಷಿಂಗ್ಟನ್‌ನ ನಿದ್ದೆ ಕೆಟ್ಟಿತು.

ಆ ತಿಂಗಳುಗಳ ಸಂದೇಶಗಳನ್ನು ಓದಿದರೆ ಒಂದೇ ಭಯ ಎದ್ದು ಕಾಣುತ್ತದೆ. ಇಬ್ಬರೂ ನಿಂತರೆ ಸೈನ್ಯ ಇಬ್ಭಾಗ ಆಗುತ್ತದೆ, ಮತ್ತೆ ದಂಗೆಯ ಕಾಲ ಬರುತ್ತದೆ. ಒಬ್ಬರನ್ನು ಬಹಿರಂಗವಾಗಿ ಬೆಂಬಲಿಸಿದರೆ ಚುನಾವಣೆ ನಾಟಕ ಎನ್ನುತ್ತಾರೆ. ಹಾಗಾಗಿ ಮಧ್ಯದ ದಾರಿ: ಇಬ್ಬರಲ್ಲಿ ಯಾರಾದರೂ ಸರಿ, ಸೈನ್ಯ ಮಾತ್ರ ಒಡೆಯಬಾರದು. ಏಪ್ರಿಲ್ ಕೊನೆಗೆ ಹೊಸ ರಾಯಭಾರಿಯಾಗಿ ಬಂದ ಎಪ್ಪತ್ತು ದಾಟಿದ ಎಲ್ಸ್‌ವರ್ತ್ ಬಂಕರ್ ಈ ಮಾತನ್ನು ಇಬ್ಬರ ಕಿವಿಗೂ ಹಾಕಿದರು. ಇದೇ ಬಂಕರ್ 1950ರ ದಶಕದ ಕೊನೆಯಲ್ಲಿ ದೆಹಲಿಯಲ್ಲಿ ರಾಯಭಾರಿಯಾಗಿದ್ದವರು.

ಜೂನ್ ಕೊನೆಯಲ್ಲಿ ಜನರಲ್‌ಗಳು ಬಾಗಿಲು ಹಾಕಿಕೊಂಡು ಕೂತರು. ಹೊರಬಂದಾಗ ಥಿಯು ಅಧ್ಯಕ್ಷ ಸ್ಥಾನಕ್ಕೆ, ಕೀ ಉಪಾಧ್ಯಕ್ಷ ಸ್ಥಾನಕ್ಕೆ, ಒಂದೇ ಟಿಕೆಟ್! ವಾಷಿಂಗ್ಟನ್ ನಿಟ್ಟುಸಿರು ಬಿಟ್ಟಿತು.

ನಮ್ಮ ತಕರಾರು ಇರುವುದು ಈ ನಿಟ್ಟುಸಿರಿನ ಬಗ್ಗೆ. ಚುನಾವಣೆಗೆ ಇನ್ನೂ ಎರಡು ತಿಂಗಳಿದೆ. ಮುಖ್ಯವಾದ ಮತದಾನ ಆಗಲೇ ಮುಗಿದಿದೆ. ಮತದಾರರು ಒಂದಷ್ಟು ಜನರಲ್‌ಗಳು, ವೀಕ್ಷಕ ಅಮೆರಿಕದ ರಾಯಭಾರ ಕಚೇರಿ. ನಾವು ಯಾರ ಪರವೂ ಇಲ್ಲ ಎಂದು ಬಂಕರ್ ಹೇಳಿದ್ದನ್ನು ನಂಬೋಣ. ಥಿಯು ಮತ್ತು ಕೀ ನಡುವೆ ಅವರು ತಟಸ್ಥರೇ ಇರಬಹುದು. ಆದರೆ ಸೈನ್ಯ ಮತ್ತು ಜನರ ನಡುವೆ ಅವರು ತಟಸ್ಥರಾಗಿರಲಿಲ್ಲ.

ಪಟ್ಟಿಯಿಂದ ಹೊರಗಿದ್ದವರು

ಚುನಾವಣಾ ದಿನ ಮತದಾರನ ಕೈಗೆ 11 ಬೇರೆ ಬೇರೆ ಚೀಟಿ ಸಿಕ್ಕವು, ಅಧ್ಯಕ್ಷ ಸ್ಥಾನದ ಒಂದೊಂದು ಜೋಡಿಗೆ ಒಂದೊಂದು. ಮೇಲ್ಮನೆಗೆ ಇನ್ನೂ 48. ಬೇಕಾದ ಚೀಟಿ ಆರಿಸಿ ಲಕೋಟೆಗೆ ಹಾಕಬೇಕು. ಇಷ್ಟೊಂದು ಆಯ್ಕೆ ನೋಡಿ ಅಮೆರಿಕ ಕಳಿಸಿದ್ದ ವೀಕ್ಷಕರು ಮೆಚ್ಚಿದರು.

ಅವರಿಗೆ ಕಾಣದೇ ಇದ್ದದ್ದು ಇಲ್ಲದ ಚೀಟಿಗಳು. ಕಮ್ಯುನಿಸ್ಟರ ಪರ, ತಟಸ್ಥ ನೀತಿಯ ಪರ ಕೆಲಸ ಮಾಡಿದವರು ನಿಲ್ಲುವಂತಿಲ್ಲ ಎಂದು ಕಾನೂನೇ ಇತ್ತು. ಜನಪ್ರಿಯರಾಗಿದ್ದ ಜನರಲ್ ಮಿನ್ ಬ್ಯಾಂಕಾಕ್‌ನಲ್ಲಿದ್ದರು. ದೇಶಕ್ಕೆ ಬರಲು ಬಿಡಲಿಲ್ಲ, ಸ್ಪರ್ಧೆಗೂ ಬಿಡಲಿಲ್ಲ. ಶಾಂತಿಯ ಮಾತಾಡಿದ ಮಾಜಿ ಸಚಿವ ಆವ್ ತ್ರುವಾಂಗ್ ಥಾನ್ ಅವರನ್ನೂ ಅನರ್ಹಗೊಳಿಸಿದರು.

ಇಷ್ಟೆಲ್ಲ ಸೋಸಿದ ಮೇಲೂ ಥಿಯು–ಕೀ ಜೋಡಿಗೆ ಸಿಕ್ಕಿದ್ದು ಶೇ 35ರಷ್ಟು ಮತ. ಸೈನ್ಯ, ಪೊಲೀಸ್, ಆಡಳಿತ ಎಲ್ಲ ಕೈಯಲ್ಲಿದ್ದೂ ಅಷ್ಟೇ. ಎರಡನೇ ಸ್ಥಾನ ಯಾರಿಗೆ ಗೊತ್ತೇ? ಪಾರಿವಾಳದ ಚಿಹ್ನೆ ಹಿಡಿದು, ಯುದ್ಧ ನಿಲ್ಲಿಸಿ ಮಾತುಕತೆ ಆಡೋಣ ಎಂದ ವಕೀಲ ತ್ರುವಾಂಗ್ ಡಿನ್ ಜು ಅವರಿಗೆ, ಶೇ 17ರಷ್ಟು. ಸೈಗಾನ್ ಆಡಳಿತದ ಹಿಡಿತದಲ್ಲಿದ್ದ ಜಾಗಗಳಲ್ಲೇ ಜನ ಹೀಗೆ ಹೇಳಿದ್ದರು. ಅದಕ್ಕೆ ಸಿಕ್ಕ ಉತ್ತರ: 1968ರಲ್ಲಿ ಜು ಅವರಿಗೆ ಐದು ವರ್ಷ ಕಠಿಣ ಶಿಕ್ಷೆ.

ಈಗ ಹೇಳಿ, ದಕ್ಷಿಣ ವಿಯೆಟ್ನಾಂನಲ್ಲಿ ನಾಯಕರ ಬರ ಇತ್ತೇ? ಅಥವಾ ಸೈನ್ಯದ ಹೊರಗಿನ ನಾಯಕ ತಲೆ ಎತ್ತಿದಾಗಲೆಲ್ಲ ಗಡಿಪಾರೋ ಜೈಲೋ ಕಾದಿರುತ್ತಿತ್ತೇ?

ಅದೇ ವರ್ಷ, ಹಳ್ಳಿಯಲ್ಲಿ

ಇಬ್ಬರು ಜನರಲ್‌ಗಳ ಮನಸ್ತಾಪದ ಬಗ್ಗೆ ಸಂದೇಶಗಳು ಹಾರಾಡುತ್ತಿದ್ದ ಅದೇ 1967ರ ಜನವರಿಯಲ್ಲಿ, ಸೈಗಾನ್‌ನ ಉತ್ತರಕ್ಕಿರುವ ಬೆನ್ ಸುಕ್ ಎಂಬ ಹಳ್ಳಿಯನ್ನು ಅಮೆರಿಕದ ಸೈನ್ಯ ಬುಲ್ಡೋಜರ್ ಹಚ್ಚಿ ನೆಲಸಮ ಮಾಡಿತು. ಆ ಹಳ್ಳಿ ಮತ್ತು ಸುತ್ತಲಿನ ಊರುಗಳ ಸುಮಾರು 6,000 ಜನರನ್ನು ಎಬ್ಬಿಸಿ ಶಿಬಿರಕ್ಕೆ ಸಾಗಿಸಿದರು. ಶತ್ರುಗಳ ಅಡಗುತಾಣ ಎಂಬುದು ಕಾರಣ. ಅಲ್ಲಿದ್ದು ಕಣ್ಣಾರೆ ಕಂಡು ಬರೆದ ಜೊನಾಥನ್ ಶೆಲ್ ಎಂಬ ಯುವ ವರದಿಗಾರನಿಂದ ಈ ಊರಿನ ಹೆಸರು ಉಳಿಯಿತು.

ಜಮೀನಿನ ಕಥೆಯನ್ನೂ ನೋಡಿ. ಡಿಯೆಮ್ 1956ರಲ್ಲಿ ತಂದ ಭೂಮಿತಿ 100 ಹೆಕ್ಟೇರ್, ಅಂದರೆ ಸುಮಾರು 247 ಎಕರೆ. ಅಷ್ಟು ದೊಡ್ಡ ಮಿತಿ ಇಟ್ಟರೆ ಗೇಣಿದಾರನ ಪಾಲಿಗೆ ಏನು ಉಳಿಯುತ್ತದೆ? ಕಮ್ಯುನಿಸ್ಟ್ ಗೆರಿಲ್ಲಾಗಳು ಹಿಡಿದ ಕಡೆಗಳಲ್ಲಿ ಜಮೀನು ಹಂಚುತ್ತಿದ್ದರು. ಸೈಗಾನ್ ಸೈನ್ಯ ಮರಳಿ ಬಂದರೆ ಎಷ್ಟೋ ಕಡೆ ಹಿಂದೆಯೇ ಜಮೀನುದಾರನೂ ಬರುತ್ತಿದ್ದ. ಉಳುವವನಿಗೇ ಭೂಮಿ ಎಂಬ ಕಾನೂನಿಗೆ ಥಿಯು ಸಹಿ ಹಾಕಿದ್ದು 1970ರ ಮಾರ್ಚ್ 26ರಂದು. ಒಳ್ಳೆಯ ಕಾನೂನೇ, ಲಕ್ಷಾಂತರ ಗೇಣಿದಾರರಿಗೆ ಜಮೀನೂ ಸಿಕ್ಕಿತು. ಆದರೆ 1956ರಿಂದ ಲೆಕ್ಕ ಹಾಕಿ: ಹದಿನಾಲ್ಕು ವರ್ಷ. ಅಷ್ಟರಲ್ಲಿ ಎಷ್ಟು ಸರ್ಕಾರ ಬಂತು, ಎಷ್ಟು ಹೋಯಿತು!

ಬಣ ಜಗಳದ ಸುದ್ದಿಗೆ ಬೇಗ ಜಾಗ ಸಿಗುತ್ತದೆ, ಗೇಣಿಯ ಸುದ್ದಿ ಕಾಯುತ್ತ ಕೂರುತ್ತದೆ ಎಂಬುದು ಸುದ್ದಿ ಬರೆಯುವ ನಮಗೆ ಚೆನ್ನಾಗಿ ಗೊತ್ತು. ರಾಯಭಾರ ಕಚೇರಿಯ ಮೇಜಿನ ಮೇಲೂ ಹಾಗೇ ಆಗಿತ್ತು.

ಎದುರು ವಾದಗಳು

ಯುದ್ಧದ ಹೊತ್ತಿನಲ್ಲಿ ಸ್ಥಿರತೆ ಮುಖ್ಯ ಅಲ್ಲವೇ ಎನ್ನುತ್ತಾರೆ. ಮುಖ್ಯ, ಒಪ್ಪೋಣ. ಆದರೆ 1967ರ ಕೊನೆಗೆ ಅಮೆರಿಕದ 4,85,000ಕ್ಕೂ ಹೆಚ್ಚು ಸೈನಿಕರು ಅಲ್ಲಿದ್ದರು. ಅಷ್ಟು ಜನ ಬಂದೂಕು ಹಿಡಿದು ಆತು ನಿಂತರೆ ಯಾವ ಗೋಡೆಯೂ ಬೀಳುವುದಿಲ್ಲ. ಅದನ್ನು ಗೋಡೆಯ ಗಟ್ಟಿತನ ಎನ್ನಲಾದೀತೇ?

ಇನ್ನೊಂದು ವಾದ ಇದಕ್ಕೆ ಉಲ್ಟಾ. ಥಿಯು, ಕೀ ಇಬ್ಬರೂ ಅಮೆರಿಕದ ಗೊಂಬೆಗಳು, ದಾರ ಎಳೆದಂತೆ ಕುಣಿದರು ಎನ್ನುವುದು. ಇದೂ ಪೂರ್ತಿ ನಿಜವಲ್ಲ. 1968ರ ಅಕ್ಟೋಬರ್ 31ರಂದು ಜಾನ್ಸನ್ ಉತ್ತರದ ಮೇಲಿನ ಬಾಂಬ್ ದಾಳಿ ನಿಲ್ಲಿಸಿ, ಪ್ಯಾರಿಸ್‌ನಲ್ಲಿ ಮಾತುಕತೆ ಎಂದು ಘೋಷಿಸಿದರು. ಅಮೆರಿಕದ ಚುನಾವಣೆಗೆ ಉಳಿದದ್ದು ಐದೇ ದಿನ. ನವೆಂಬರ್ 2ರಂದು ಥಿಯು, ನಾವು ಬರುವುದಿಲ್ಲ ಎಂದುಬಿಟ್ಟರು. ತುಸು ತಡೆಯಿರಿ ಎಂಬ ಸೂಚನೆ ನಿಕ್ಸನ್ ಪಾಳಯದಿಂದ ಅನ್ನಾ ಶೆನಾಲ್ಟ್ ಎಂಬ ಮಹಿಳೆಯ ಮೂಲಕ ಸೈಗಾನ್‌ಗೆ ಮುಟ್ಟುತ್ತಿತ್ತು. ಚುನಾವಣೆಯಲ್ಲಿ ನಿಕ್ಸನ್ ಗೆದ್ದರು.

ಗೊಂಬೆ ಹೀಗೆ ಮಾಡುವುದಿಲ್ಲ. ಊರಲ್ಲಿ ಸಾವಿರ ರೂಪಾಯಿ ಸಾಲ ಇದ್ದವನು ಸಾಹುಕಾರನಿಗೆ ಹೆದರುತ್ತಾನೆ. ಸಾಲ ಕೋಟಿ ಆದರೆ ಸಾಹುಕಾರನೇ ಅವನಿಗೆ ಹೆದರುತ್ತಾನೆ. ನೀವಿಲ್ಲದೆ ನಾವಿಲ್ಲ ಎಂಬ ಅಮೆರಿಕದ ಭಯವೇ ಥಿಯು ಕೈಯ ಬಂಡವಾಳವಾಯಿತು. ಆ ಬಂಡವಾಳ ಹಾಕಿಕೊಟ್ಟದ್ದು 1967ರ ‘ಒಗ್ಗಟ್ಟು’. ಜನರ ಮತದ ಬಲದಿಂದ ಬಂದ ನಾಯಕನಿಗೆ ಜನರ ಭಯ ಇರುತ್ತದೆ. ಥಿಯುಗೆ ಆ ಭಯ ಇರಲಿಲ್ಲ.

ಕೊನೆಗೆ ಉಳಿದದ್ದು ಒಂದೇ ಹೆಸರು

1971ರ ಚುನಾವಣೆಗೆ ಥಿಯು ಹೊಸ ಕಾನೂನು ಮಾಡಿಸಿದರು: ಸ್ಪರ್ಧಿಸಬೇಕಾದರೆ 40 ಸಂಸದರ, ಇಲ್ಲವೇ ಪ್ರಾಂತೀಯ ಮಂಡಳಿಗಳ 100 ಸದಸ್ಯರ ಸಹಿ ಬೇಕು. ಕೀ ಅದರಲ್ಲಿ ಸಿಕ್ಕಿಬಿದ್ದರು. ಇದು ಮೋಸದಾಟ ಎಂದು ಮಿನ್ ಹಿಂದೆ ಸರಿದರು. ಒಬ್ಬನೇ ಅಭ್ಯರ್ಥಿಯಾದರೆ ಮರ್ಯಾದೆ ಹೋಗುತ್ತದೆ ಎಂದು ಬಂಕರ್ ಕೈಕೈ ಹಿಸುಕಿಕೊಂಡು ಮಿನ್ ಅವರನ್ನು ಉಳಿಸಿಕೊಳ್ಳಲು ನೋಡಿದರು. ಸುಪ್ರೀಂ ಕೋರ್ಟ್ ಕೀಗೆ ಅವಕಾಶ ಕೊಟ್ಟರೂ ಅವರು ಒಲ್ಲೆ ಎಂದರು. ಅಕ್ಟೋಬರ್ 3ರಂದು ಥಿಯು ಒಬ್ಬರೇ ನಿಂತು ಶೇ 94ರಷ್ಟು ಮತ ಪಡೆದರು.

ವಾಷಿಂಗ್ಟನ್ ಕೇಳಿದ್ದು ಕೊನೆಗೂ ಸಿಕ್ಕಿತ್ತು: ಪೈಪೋಟಿ ಇಲ್ಲ, ಎದುರಾಳಿ ಇಲ್ಲ, ಒಬ್ಬನೇ ಗಟ್ಟಿ ನಾಯಕ. ವಿಡಿಯೊಗಳು ಇರಲಿಲ್ಲ ಎನ್ನುವುದು ಇದನ್ನೇ. ಇತ್ತು! ಅದು ನಾಲ್ಕು ವರ್ಷವೂ ಬಾಳಲಿಲ್ಲ. 1975ರ ಏಪ್ರಿಲ್ 21ರಂದು ಥಿಯು ರಾಜೀನಾಮೆ ಕೊಟ್ಟು, ಕೆಲವೇ ದಿನದಲ್ಲಿ ದೇಶ ಬಿಟ್ಟರು. 29ರಂದು ಕೀ ಹೆಲಿಕಾಪ್ಟರ್ ಹತ್ತಿ ಅಮೆರಿಕದ ಯುದ್ಧನೌಕೆಗೆ ಹೋದರು. 30ರಂದು ಸೈಗಾನ್ ಬಿತ್ತು. ಕೀ ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಮದ್ಯದಂಗಡಿ ಇಟ್ಟರು. ಥಿಯು 2001ರಲ್ಲಿ ಅಮೆರಿಕದಲ್ಲೇ ತೀರಿಕೊಂಡರು. ಅಮೆರಿಕದ 58,000ಕ್ಕೂ ಹೆಚ್ಚು ಸೈನಿಕರು, ಲಕ್ಷಾಂತರ ವಿಯೆಟ್ನಾಮಿಯರು ಅಷ್ಟರಲ್ಲಿ ಮಣ್ಣಾಗಿದ್ದರು.

ಆದ್ದರಿಂದ ಮುಂದಿನ ಸಲ ಯಾವುದಾದರೂ ಬಡದೇಶದ ಬಗ್ಗೆ ‘ಅಲ್ಲಿ ಇಬ್ಬರು ನಾಯಕರ ಜಗಳ, ದೊಡ್ಡ ದೇಶ ರಾಜಿ ಮಾಡಿಸುತ್ತಿದೆ’ ಎಂಬ ಸುದ್ದಿ ನಿಮ್ಮ ಫೋನಿಗೆ ಬಂದರೆ, ಯಾರು ಗೆದ್ದರು ಎಂದು ಮೊದಲು ನೋಡಬೇಡಿ. ಮೂರು ಪ್ರಶ್ನೆ ಕೇಳಿ. ಪಟ್ಟಿಯಿಂದ ಯಾರ ಹೆಸರು ಹೊಡೆದರು? ಜೈಲಿನಲ್ಲಿ ಯಾರಿದ್ದಾರೆ? ಜಮೀನು ಯಾರ ಹೆಸರಲ್ಲಿದೆ? ಇವಕ್ಕೆ ಉತ್ತರ ಇಲ್ಲದ ರಾಜಿ ಎಷ್ಟು ದಿನ ನಿಂತೀತು ಎಂದು ಆಮೇಲೆ ನೀವೇ ಹೇಳಬಲ್ಲಿರಿ.