ಸ್ವಂತ ತಮ್ಮನಾದ್ರೂ ಡೀಲರ್ ಹತ್ರ ಹೋಗ್ಬೇಕಾ?

ಟೆಕ್ಸಾಸ್‌ನಲ್ಲಿರೋ ನನ್ನ ಗೆಳೆಯ ಅಮೆರಿಕದ ಪ್ರಜೆಯಾಗಿ ಬಹಳ ವರ್ಷಗಳಾದವು. ತನ್ನ ಹತ್ತಿರವಿರೋ ಪಿಸ್ತೂಲೊಂದನ್ನು ಜಾರ್ಜಿಯಾದಲ್ಲಿರೋ ತಮ್ಮನಿಗೆ ಕೊಡಬೇಕು ಅಂತ ಅವನಾಸೆ. "ಮಾರ್ತಾ ಇಲ್ಲ ಮಾರಾಯ, ಸುಮ್ನೆ ಕೊಡ್ತಿದೀನಿ. ಕಾರಲ್ಲಿ ಹಾಕ್ಕೊಂಡು ಹೋಗಿ ಕೈಗೆ ಕೊಟ್ಟು ಬಂದ್ರೆ ಏನಾಗತ್ತೆ?" ಅಂತ ಕೇಳಿದ.

ಏನಾಗತ್ತೆ ಅಂದ್ರೆ, ಐದು ವರ್ಷದವರೆಗೆ ಜೈಲಾಗಬಹುದು!

ನಾನು ವಕೀಲನಲ್ಲ, ಬಂದೂಕಿನ ಮೋಹವೂ ನನಗಿಲ್ಲ. ಆದ್ರೆ ಅಲ್ಲಿನ 1968ರ ಗನ್ ಕಂಟ್ರೋಲ್ ಆಕ್ಟ್ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಲೈಸೆನ್ಸ್ ಇಲ್ಲದ ಸಾಮಾನ್ಯ ಮನುಷ್ಯ ಬೇರೆ ರಾಜ್ಯದ ನಿವಾಸಿಗೆ ನೇರವಾಗಿ ಬಂದೂಕು ಕೊಡುವಂತಿಲ್ಲ. ಮಾರಿದರೂ ಅಷ್ಟೆ, ಉಡುಗೊರೆ ಕೊಟ್ಟರೂ ಅಷ್ಟೆ. ಅಪ್ಪ-ಮಗ, ಅಣ್ಣ-ತಮ್ಮ ಅನ್ನೋ ರಿಯಾಯಿತಿ ಇಲ್ಲ. ತಮ್ಮ ಇರೋ ರಾಜ್ಯದಲ್ಲಿ ಲೈಸೆನ್ಸ್ ಪಡೆದ ಡೀಲರ್ ಒಬ್ಬನಿಗೆ ಪಿಸ್ತೂಲು ತಲುಪಬೇಕು. ತಮ್ಮ ಅಲ್ಲಿಗೆ ಹೋಗಿ 4473 ಅನ್ನೋ ಫಾರ್ಮ್ ತುಂಬಿ, ಹಿನ್ನೆಲೆ ತಪಾಸಣೆಯಲ್ಲಿ ಪಾಸಾಗಿ ತಗೋಬೇಕು. ತಮಾಷೆ ಅಂದ್ರೆ, ಅಣ್ಣ ಸತ್ತ ಮೇಲೆ ಉಯಿಲಿನ ಮೂಲಕ ಬಂದರೆ ಈ ನಿಯಮ ಅಡ್ಡ ಬರಲ್ಲ. ಬದುಕಿದ್ದಾಗ ಪ್ರೀತಿಯಿಂದ ಕೊಟ್ಟರೆ ಮಾತ್ರ ಅಪರಾಧ!

"ಇದೆಂಥಾ ಕಿರಿಕಿರಿ, ಒಡಹುಟ್ಟಿದವನ ಮೇಲೂ ಅನುಮಾನಾನಾ?" ಅಂತ ಗೆಳೆಯನ ಸಿಟ್ಟು. ನನಗೆ ಹಾಗನ್ನಿಸಲ್ಲ. ದೂರದ ರಾಜ್ಯದಲ್ಲಿರೋ ತಮ್ಮನ ಬಗ್ಗೆ ನಮಗೆ ಗೊತ್ತಿರೋದು ಫೋನಿನಲ್ಲಿ ಅವನು ಹೇಳಿದಷ್ಟೇ. ಹೆಂಡತಿಗೆ ಹೊಡೆದು ಶಿಕ್ಷೆಯಾದವನು ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಅಂಥದ್ದನ್ನ ಯಾವ ತಮ್ಮ ಅಣ್ಣನಿಗೆ ಫೋನ್ ಮಾಡಿ ಹೇಳ್ತಾನೆ ಹೇಳಿ? ಮನೆಯ ಮರ್ಯಾದೆ ಅಂತ ನಾವು ಮುಚ್ಚಿಡೋದನ್ನೇ ಆ ತಪಾಸಣೆ ಹುಡುಕೋದು.

ನಮ್ಮವರಿಗೆ ಇನ್ನೊಂದು ಅಪಾಯವೂ ಇದೆ. ಅಣ್ಣ ಪ್ರಜೆಯಾಗಿದ್ದು ತಮ್ಮ ಎಚ್1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿರೋ ಕುಟುಂಬಗಳು ಎಷ್ಟಿಲ್ಲ! ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ, ಇಂಥ ವೀಸಾದವರು ಬಂದೂಕು ಇಟ್ಟುಕೊಳ್ಳೋದೇ ಅಪರಾಧ. ಗೊತ್ತಿದ್ದೂ ಕೊಟ್ಟವನಿಗೂ ಶಿಕ್ಷೆ. 2022ರ ತಿದ್ದುಪಡಿಯ ನಂತರ ಅದು 15 ವರ್ಷದವರೆಗೂ ಹೋಗಬಹುದು. ಗ್ರೀನ್ ಕಾರ್ಡ್ ಬಂದ ಮೇಲೆ ಮಾತು ಬೇರೆ.

ಉಡುಗೊರೆ ಅಂತ ಬಾಯಲ್ಲಿ ಹೇಳಿದರೂ ಸಾಲದು. ಬ್ರೂಸ್ ಅಬ್ರಾಮ್ಸ್ಕಿ ಅನ್ನೋ ಮಾಜಿ ಪೊಲೀಸ್ 2009ರಲ್ಲಿ ವರ್ಜೀನಿಯಾದಲ್ಲಿ ಗ್ಲಾಕ್ ಪಿಸ್ತೂಲು ಕೊಂಡು, ಪೆನ್ಸಿಲ್ವೇನಿಯಾದಲ್ಲಿದ್ದ ತನ್ನ ಅಂಕಲ್‌ಗೆ ಅಲ್ಲಿನ ಡೀಲರ್ ಮೂಲಕವೇ ಕೊಟ್ಟ. ಅಂಕಲ್‌ಗೂ ಬಂದೂಕು ಇಟ್ಟುಕೊಳ್ಳೋ ಅರ್ಹತೆ ಇತ್ತು. ಆದ್ರೆ ಅವರು ಮುಂಚೆಯೇ 400 ಡಾಲರ್ ಚೆಕ್ ಕಳಿಸಿದ್ದರು. ಫಾರ್ಮಿನಲ್ಲಿ ಈತ ನಿಜವಾದ ಖರೀದಿದಾರ ನಾನೇ ಅಂತ ಬರೆದಿದ್ದ. ಸುಪ್ರೀಂ ಕೋರ್ಟ್ 2014ರಲ್ಲಿ 5-4 ಬಹುಮತದಿಂದ ಅವನ ಅಪರಾಧವನ್ನು ಎತ್ತಿಹಿಡಿಯಿತು. ನನ್ನ ದುಡ್ಡಲ್ಲಿ ಕೊಂಡು ಕೊಟ್ಟರೆ ಉಡುಗೊರೆ, ಅವರ ದುಡ್ಡಲ್ಲಿ ಅವರಿಗೋಸ್ಕರ ಕೊಂಡರೆ ಬೇನಾಮಿ. ನಮಗೆ ಅರ್ಥವಾಗದ ವ್ಯತ್ಯಾಸವೇನಲ್ಲ ಬಿಡಿ.

ಹಾಗಾದ್ರೆ ಈ ಕಾನೂನು ಸರಿಯಾಗಿದೆಯಾ? ಇಲ್ಲ. ನನ್ನ ತಕರಾರು ಇರೋದು ಇನ್ನೊಂದು ಕಡೆ. ಇದೇ ಗೆಳೆಯ ಅದೇ ಪಿಸ್ತೂಲನ್ನ ಟೆಕ್ಸಾಸ್‌ನಲ್ಲೇ ಇರೋ ಯಾರೋ ಅಪರಿಚಿತನಿಗೆ ಮಾರಿದ್ರೆ ಡೀಲರ್ ಬೇಕಿಲ್ಲ, ಫಾರ್ಮ್ ಬೇಕಿಲ್ಲ, ತಪಾಸಣೆಯೂ ಬೇಕಿಲ್ಲ. ಕೊಳ್ಳುವವನು ಅನರ್ಹ ಅಂತ ಇವನಿಗೆ ಗೊತ್ತಿರಬಾರದು, ಹಾಗೆ ಅನುಮಾನಿಸಲು ಕಾರಣವೂ ಇರಬಾರದು, ಅಷ್ಟೇ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಒಳಗಿನ ಮಾರಾಟಕ್ಕೂ ತಪಾಸಣೆ ಕೇಳುತ್ತವೆ, ಟೆಕ್ಸಾಸ್ ಕೇಳಲ್ಲ. ಅಂದ್ರೆ ಗಡಿಯಾಚೆಯ ತಮ್ಮ ಪರಕೀಯ, ಗಡಿಯೊಳಗಿನ ಪರಕೀಯ ತಮ್ಮನಿಗಿಂತ ಹೆಚ್ಚು!

ಗೆಳೆಯನ ಪ್ರಕಾರ ತಮ್ಮನಿಗೂ ತಪಾಸಣೆ ಬೇಡ. ನನ್ನ ಪ್ರಕಾರ ಆ ಅಪರಿಚಿತನಿಗೂ ಬೇಕು. ತಮ್ಮನಿಗೆ ಒಂದು ದಿನದ ಕಿರಿಕಿರಿ ಆಗಬಹುದು, ಆಗಲಿ. ಕೊಡ್ತಿರೋದು ದೀಪಾವಳಿಯ ಅಂಗಿಯಲ್ಲವಲ್ಲ.

ನೀವೇನಂತೀರಿ?