ಹಾವೇರಿಗೆ ಬಂದು ಬಸ್ ಬದಲಿಸಿ..

ಬಸ್ ಅಂದಕೂಡಲೇ ನಿಮಗೆ ಹಾವೇರಿ ಬಸ್ ನಿಲ್ದಾಣ ನೆನಪಾದರೆ ತಪ್ಪೇನಿಲ್ಲ :) ನಾನು ಹೇಳಹೊರಟಿದ್ದು ಕಂಪ್ಯೂಟರಿನಲ್ಲಿ ಹಾಡು ಮಿಕ್ಸ್ ಮಾಡುವಾಗಿನ ಬಸ್ ಬಗ್ಗೆ. ಕೆಲಸ ಹೆಚ್ಚುಕಮ್ಮಿ ಒಂದೇ. ಹಾನಗಲ್, ಶಿಗ್ಗಾಂವಿ, ಸವಣೂರಿನವರು ಹಾವೇರಿಗೆ ಬಂದು ಒಂದೇ ಬಸ್ಸಿನಲ್ಲಿ ಬೆಂಗಳೂರಿಗೆ ಹೋದ ಹಾಗೆ, ಹಲವು ಟ್ರ್ಯಾಕುಗಳ ದನಿ ಮೊದಲು ಒಂದು ಬಸ್ಸಿನಲ್ಲಿ ಕೂಡಿ ಆಮೇಲೆ ಮಾಸ್ಟರ್ ಸೇರುತ್ತದೆ.

ಪ್ರಶ್ನೆ ಇರುವುದು, ಯಾರನ್ನು ಯಾವ ಬಸ್ಸಿಗೆ ಹತ್ತಿಸಬೇಕು ಅನ್ನುವುದರಲ್ಲಿ.

ಅಂತರ್ಜಾಲದಲ್ಲಿ ಸಿಗುವ ಟೆಂಪ್ಲೇಟುಗಳಲ್ಲಿ ಡ್ರಮ್ಸ್, ಬೇಸ್, ಗಿಟಾರ್, ಕೀಬೋರ್ಡ್, ಗಾಯನ ಅಂತ ಬಸ್ಸುಗಳಿರುತ್ತವೆ. ಸಿನಿಮಾ ಹಾಡಿಗೆ ಅದು ಸರಿ. ನಮ್ಮ ಕಡೆಯ ಭಜನಾ ಮೇಳಕ್ಕೆ ಖಂಡಿತ ಸಲ್ಲ. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಷರೀಫರ (1819-1889) ತತ್ವಪದಗಳನ್ನೇ ತಗೊಳ್ಳಿ. ಒಬ್ಬರು ಹೇಳುತ್ತಾರೆ, ಉಳಿದವರು ಎತ್ತಿಕೊಳ್ಳುತ್ತಾರೆ. ಜೊತೆಗೆ ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ, ತಬಲಾ. ಹಾಗಾಗಿ ಮಿಕ್ಸಿನಲ್ಲೂ ಮೇಳ ಹಾಡುವ ರೀತಿಯಲ್ಲೇ ಬಸ್ಸು ಮಾಡಬೇಕು ಅನ್ನುವುದು ನನ್ನ ವಾದ. ನನ್ನವು ಐದು: ಮುಮ್ಮೇಳ, ಹಿಮ್ಮೇಳ, ಶ್ರುತಿ, ಚರ್ಮವಾದ್ಯ, ತಾಳ. ಹೆಸರನ್ನೂ ಕನ್ನಡದಲ್ಲೇ ಬರೆದಿಟ್ಟುಕೊಳ್ಳುತ್ತೇನೆ.

ತಾಳಕ್ಕೆ ಬೇರೆ ಬಸ್ ಯಾಕೆ? ಕಂಪ್ರೆಸರ್ ಅನ್ನುವುದು ಬಸ್ಸಿನಲ್ಲಿ ಯಾರ ದನಿ ಜೋರೋ ಅವರ ಮಾತು ಕೇಳುತ್ತದೆ. ತಾಳವನ್ನೂ ಹಾಡುವವರನ್ನೂ ಒಟ್ಟಿಗೆ ಕೂರಿಸಿದರೆ, ತಾಳದ ಒಂದೊಂದು ಪೆಟ್ಟಿಗೂ ಪದ ಕುಗ್ಗುತ್ತದೆ. ತತ್ವಪದದಲ್ಲಿ ಪದವೇ ಕೇಳದಿದ್ದರೆ ಇನ್ನೇನು ಉಳಿಯಿತು? ಹಿಮ್ಮೇಳದವರೇ ತಾಳ ಹಿಡಿದು ಹಾಡಿದ್ದರೆ ಅದು ಅವರ ಮೈಕಿನಲ್ಲೂ ಇರುತ್ತದೆ. ಆಗ ಆ ಬಸ್ಸಿಗೆ ಕಂಪ್ರೆಸರ್ ಬಿಟ್ಟು, ಫೇಡರನ್ನು ಕೈಯಿಂದಲೇ ಏರಿಸಿ ಇಳಿಸುವುದು ವಾಸಿ.

ರಿವರ್ಬ್ ಮಾತ್ರ ಎಲ್ಲರಿಗೂ ಒಂದೇ ಬಸ್. ಅವರು ಹಾಡಿದ್ದು ಒಂದೇ ಗುಡಿಯ ಕಟ್ಟೆಯ ಮೇಲೆ ತಾನೇ? ಫೇಡರ್ ಆದಮೇಲೆ ಕಳಿಸಿದರೆ, ದನಿ ಇಳಿಸಿದಾಗ ಗುಂಯ್ ಅನ್ನುವುದೂ ಜೊತೆಗೇ ಇಳಿಯುತ್ತದೆ. ಇನ್ನೊಂದು.. ಟ್ರ್ಯಾಕು ಬಸ್ಸಿಗೂ ಹೋಗಿ, ನೇರ ಮಾಸ್ಟರಿಗೂ ಹೋದರೆ ಅದೇ ದನಿ ಎರಡು ಸಲ ಕೂಡಿ 6 ಡೆಸಿಬಲ್ ಜಾಸ್ತಿಯಾಗುತ್ತದೆ. ಒಬ್ಬನಿಗೆ ಎರಡು ಟಿಕೇಟು! ರೀಪರ್‌ನಲ್ಲಿ ಟ್ರ್ಯಾಕುಗಳನ್ನು ಫೋಲ್ಡರಿನೊಳಗೆ ಹಾಕಿದರೆ ಈ ತಾಪತ್ರಯವಿಲ್ಲ, ಫೋಲ್ಡರೇ ಬಸ್.

ಇಷ್ಟೆಲ್ಲ ಯಾಕೆ ಅಂತೀರಾ? 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯ ಇದೇ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿದೆ, ನಿಜ. ಆದರೆ ಊರೂರಿನ ಮೇಳಗಳನ್ನು ಹಿಡಿದಿಡುವವರಲ್ಲಿ ನಮ್ಮಂಥ ಹವ್ಯಾಸಿಗಳೂ ಇದ್ದೇವೆ. ಹಾಡುವ ಹಿರಿಯರು ಮತ್ತೆ ಸಿಗುತ್ತಾರೆಂಬ ಭರವಸೆಯಿಲ್ಲ. ಎಲ್ಲ ಕಲಸಿದ ಒಂದು ಎಂಪಿ3 ಉಳಿಸಿದರೆ ನಾಳೆ ಯಾರೂ ಅದರಿಂದ ಅಜ್ಜನ ದನಿಯನ್ನು ಸರಿಯಾಗಿ ಬಿಡಿಸಲಾರರು. ಒಂದೊಂದು ಬಸ್ಸನ್ನೂ ಬೇರೆ ಬೇರೆ ವೇವ್ ಫೈಲಾಗಿ ಇಟ್ಟರೆ, ಮೊಮ್ಮಗ ಮತ್ತೆ ಮಿಕ್ಸ್ ಮಾಡಬಹುದು.

ನಿಮ್ಮೂರಿನ ಮೇಳಕ್ಕೆ ನೀವು ಎಷ್ಟು ಬಸ್ ಬಿಡುತ್ತೀರಿ? :)