ಒಂದಂಕಿಯನ್ನು ನುಂಗಿದ ಛಾಪಾ

ವಾಚಕರ ಮನೆಗಳಲ್ಲಿ ಎರಡು ಬಗೆಯ ಜನ ಉಂಟು. ಪಿಂಚಣಿ, ವಿಮೆ, ಬ್ಯಾಂಕು ಎಂದು ಕಾಗದ ಪಡೆಯುವ ಹಿರಿಯರು ಒಂದು ಬಗೆ. ಆ ಕಾಗದಗಳನ್ನು ಹೊರಡಿಸುವ ಮೇನ್‌ಫ್ರೇಮ್ ಎಂಬ ದೊಡ್ಡ ಗಣಕಗಳ ಯೋಗಕ್ಷೇಮವನ್ನು ಹಿಂಜವಡಿಯಲ್ಲಿ ಕುಳಿತು ನೋಡುವ ಕಿರಿಯರು ಇನ್ನೊಂದು ಬಗೆ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಕಾಗದದ ಮಾತು ಮಾತ್ರ ಅವರ ನಡುವೆ ಬರುವುದಿಲ್ಲ. ಅದನ್ನು ಈ ಸಲ ನಾವು ಎತ್ತಿಕೊಂಡಿದ್ದೇವೆ.

ಸಂಘದ ಹಿರಿಯರೊಬ್ಬರು ಈಚೆಗೆ ಏಳು ಹಾಳೆಗಳನ್ನು ನಮ್ಮ ಮುಂದೆ ಹರಡಿದರು. ಹಾಳೆಗೊಂದೇ ಸಾಲು. “ಅಲ್ರೀ, ಕಾಗದ ಇಷ್ಟ ಸೋವಿ ಆಗೇದೇನು?” ಎಂದು ಕೇಳಿದರು. ಕಾಗದ ದಂಡವಾದುದಕ್ಕಿಂತ ದೊಡ್ಡ ಸಂಗತಿ ಬೇರೆ ಇತ್ತು. ಪ್ರತಿ ಸಾಲಿನ ಮೊದಲಿಗಿದ್ದ ಖಾತೆಯ ಸಂಖ್ಯೆಯಲ್ಲಿ ಒಂದಂಕಿ ಕಡಿಮೆ. ಆ ಕಾಗದವನ್ನು ಹಿಡಿದು ಎರಡು ಸಲ ಹೋಗಿ, “ಇಂಥ ಖಾತೆಯೇ ಇಲ್ಲ” ಎನಿಸಿಕೊಂಡು ಬಂದಿದ್ದರು ಪಾಪ. ಪಾಸ್‌ಬುಕ್ಕಿನಲ್ಲಿ ನೋಡಿದೆವು: ಆ ಸಂಖ್ಯೆ 1ರಿಂದ ಮೊದಲಾಗುತ್ತಿತ್ತು. ಹಾಳೆ ಹಾರಿದುದಕ್ಕೂ ಅಂಕಿ ಹೋದುದಕ್ಕೂ ಕಾರಣ ಒಂದೇ ಎಂಬುದು ಅಲ್ಲಿಗೆ ತಿಳಿಯಿತು.

ಹಳೆಯ ಕಾಲದ ಒಂದು ಒಪ್ಪಂದವಿದು. ಐಬಿಎಂ ಕಂಪನಿ 1959ರಲ್ಲಿ ಹೊರತಂದ 1403 ಎಂಬ ಮುದ್ರಣ ಯಂತ್ರ ನಿಮಿಷಕ್ಕೆ 600 ಸಾಲು ಹೊಡೆಯುತ್ತಿತ್ತು. ಅಂಥ ಯಂತ್ರಗಳಿಗೆ ಯಾವಾಗ ಸಾಲು ಬಿಡಬೇಕು, ಯಾವಾಗ ಹಾಳೆ ತಿರುವಬೇಕು ಎಂದು ಹೇಳುವವರು ಬೇಕಲ್ಲ? ಅದಕ್ಕಾಗಿ ಪ್ರತಿ ಸಾಲಿನ ಮೊದಲ ಅಕ್ಷರವನ್ನು ಅಪ್ಪಣೆಯೆಂದು ಎತ್ತಿಟ್ಟರು. ಅದು ಕಾಗದದ ಮೇಲೆ ಮೂಡುವುದಿಲ್ಲ. ಆ ಜಾಗ ಖಾಲಿಯಿದ್ದರೆ ಮುಂದಿನ ಸಾಲು, 0 ಇದ್ದರೆ ನಡುವೆ ಒಂದು ಸಾಲು ಖಾಲಿ, 1 ಇದ್ದರೆ ಹೊಸ ಹಾಳೆ, + ಇದ್ದರೆ ಹಿಂದಿನ ಸಾಲಿನ ಮೇಲೆಯೇ ಮತ್ತೊಂದು ಪೆಟ್ಟು. ಈ ಪದ್ಧತಿ ಮೇನ್‌ಫ್ರೇಮಿನಲ್ಲಿ ಇಂದಿಗೂ ಉಳಿದಿದೆ. ಫೈಲಿನ ನಮೂನೆಯನ್ನು ಎಫ್‌ಬಿಎ ಎಂದು ಬರೆದರೆ ಮೊದಲ ಅಕ್ಷರ ಅಪ್ಪಣೆ. ಬರಿಯ ಎಫ್‌ಬಿ ಎಂದರೆ ಅದೂ ಮಾಹಿತಿಯೇ. ಆ ಒಂದು ‘ಎ’ ಸಲ್ಲದಲ್ಲಿ ಬಂದು ಕುಳಿತರೆ ಖಾತೆಯ 1 ಅಪ್ಪಣೆಯಾಗಿ ಕರಗಿಹೋಗುತ್ತದೆ. ಇರಬೇಕಾದಲ್ಲಿ ಬಿಟ್ಟುಹೋದರೆ ಎಡ ಅಂಚಿನುದ್ದಕ್ಕೂ ಅರ್ಥವಿಲ್ಲದ 1, 0 ಮೂಡಿ, ಹಾಳೆ ಮುರಿಯದೆ ಸಾಲುಗಳು ಒಂದರ ಬೆನ್ನಿಗೆ ಒಂದು ಹರಿಯುತ್ತವೆ. ಕಿರಿಯರು ಪ್ರಿಂಟರನ್ನು ಬಿಚ್ಚುವ ಮೊದಲು ಇದನ್ನು ನೋಡಲಿ.

ಎರಡನೆಯ ತಕರಾರು ಅಳತೆಯದು. ಹಳೆಯ ವರದಿಗಳೆಲ್ಲ ಸಾಲಿಗೆ 132 ಅಕ್ಷರ, ಹಾಳೆಗೆ 66 ಸಾಲು ಎಂಬ ಲೆಕ್ಕದಲ್ಲಿ ಹುಟ್ಟಿದವು: 11 ಅಂಗುಲದ ಹಾಳೆ, ಅಂಗುಲಕ್ಕೆ 6 ಸಾಲು. ಅಂಗುಲಕ್ಕೆ 10 ಅಕ್ಷರವಾದರೆ 132ಕ್ಕೆ 13.2 ಅಂಗುಲದ ಅಗಲ ಬೇಕು. ಈಗಿನ ಎ4 ಹಾಳೆ ಅಡ್ಡ ಹಿಡಿದರೂ 11.69 ಅಂಗುಲ. ಅಂಗುಲಕ್ಕೆ 12 ಅಕ್ಷರ ಮಾಡಿ 11 ಅಂಗುಲದಲ್ಲಿ ಕೂಡಿಸಿದಿರೆನ್ನಿ. ಆಗ ಎತ್ತರ 8.27 ಅಂಗುಲ ಮಾತ್ರ ಉಳಿದು, ಮೊದಲಿನ ಅಂತರದಲ್ಲಿ 49 ಸಾಲಿಗಿಂತ ಹೆಚ್ಚು ಹಿಡಿಸುವುದಿಲ್ಲ. ಬಾಕಿ 17 ಸಾಲು ಮುಂದಿನ ಹಾಳೆಗೆ ಜಾರಿ, ಶಿರೋನಾಮೆ ನಡುಹಾಳೆಯಲ್ಲಿ ಬಂದು ನಿಲ್ಲುತ್ತದೆ. ಅಗಲವನ್ನು ಸರಿಪಡಿಸಿದವರು ಎತ್ತರವನ್ನೂ ಕೇಳಬೇಕು. ಅಕ್ಷರಗಳೆಲ್ಲ ಸಮ ಅಗಲದವಾಗಿರಬೇಕೆಂಬುದನ್ನು ಮರೆತು ಅಂದದ ಅಕ್ಷರ ಆರಿಸಿದರಂತೂ ಕಡಿತದ ರಕಮು ಜಮೆಯ ಕೆಳಗೆ ಹೋಗಿ ಕೂರುತ್ತದೆ.

ಇನ್ನು ಸಂಕೇತದ ಗೊಂದಲ. ಮೇನ್‌ಫ್ರೇಮಿನ ಎಬ್ಸಿಡಿಕ್ ಸಂಕೇತದಲ್ಲಿ ಇಂಗ್ಲಿಷಿನ ದೊಡ್ಡ ‘ಎ’ಗೆ 193, ಇತರ ಯಂತ್ರಗಳ ಆಸ್ಕಿಯಲ್ಲಿ 65. ಪರಿವರ್ತನೆ ತಪ್ಪಿದರೆ ಹಾಳೆಯ ತುಂಬ ಭೂತಲಿಪಿ. ನೋಡಿದವರು ಹೌಹಾರುತ್ತಾರೆ, ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ನಿರಪಾಯವಾದ ತಪ್ಪು, ಏಕೆಂದರೆ ಅದನ್ನು ಯಾರೂ ನಂಬುವುದಿಲ್ಲ. ಅಂದವಾಗಿ ಕಾಣುತ್ತ ಒಂದಂಕಿ ನುಂಗಿದ ಕಾಗದಕ್ಕೆ ಗುಮಾಸ್ತನು ಕಣ್ಣುಮುಚ್ಚಿ ಮೊಹರು ಒತ್ತುತ್ತಾನೆ.

ಕನ್ನಡದ ಹೆಸರುಗಳಿಗೆ ಬರುವ ಆಪತ್ತು ಇಂಥದೇ. ನಮ್ಮ ಪುಣೆಯಲ್ಲಿ 1988ರಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆ, ಕಾನ್ಪುರದ ಐಐಟಿಯಲ್ಲಿ ಹುಟ್ಟಿದ ಜಿಸ್ಟ್ ತಂತ್ರವನ್ನು ಬೆಳೆಸಿ ಭಾರತದ ಲಿಪಿಗಳಿಗೆ ಗಣಕದಲ್ಲಿ ನೆಲೆ ಕೊಟ್ಟಿತು. 1991ರಲ್ಲಿ ಮಾನಕವಾದ ಇಸ್ಕಿ ಸಂಕೇತದಲ್ಲಿ ಸ್ವರಚಿಹ್ನೆ, ವ್ಯಂಜನ, ಹಲಂತ ಒಂದೊಂದಕ್ಕೂ ಒಂದೊಂದು ಬೈಟ್. ‘ಲಕ್ಷ್ಮೀನಾರಾಯಣ’ ಎಂಬುದು ನಮ್ಮ ಕಣ್ಣಿಗೆ ಆರೇ ಅಕ್ಷರ; ಸಂಕೇತಗಳ ಲೆಕ್ಕದಲ್ಲಿ 13. ಈಗ ಬಳಕೆಯಲ್ಲಿರುವ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್, ಒಟ್ಟು 39. ಹಳೆಯ ಪಟ್ಟಿಯಲ್ಲಿ ಹೆಸರಿಗೆ 30 ಬೈಟಿನ ಅಂಕಣ ಇಟ್ಟಿದ್ದರೆ ಹತ್ತು ಸಂಕೇತ ಮಾತ್ರ ಹಿಡಿಸಿ ‘ಲಕ್ಷ್ಮೀನಾರ’ ಎಂದು ನಿಲ್ಲುತ್ತದೆ. ನಾರಾಯಣ ನಾರಾದ! ಇಂಗ್ಲಿಷಿನಲ್ಲಿ ಅದೇ ಹೆಸರು 15 ಬೈಟಿನಲ್ಲಿ ಮುಗಿಯುವುದರಿಂದ, ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಆಧಾರಿನ ಹೆಸರಿಗೂ ಪಟ್ಟಿಯ ಹೆಸರಿಗೂ ತಾಳೆ ಬೀಳಲಿಲ್ಲವೆಂದು ವಿಧವೆಯೊಬ್ಬಳ ಅರ್ಜಿ ಹಿಂದಕ್ಕೆ ಬಂದರೆ ತಪ್ಪು ಆಕೆಯದೆಂದೇ ತಿಳಿಯುತ್ತಾರೆ.

ಆದುದರಿಂದ ಕಿರಿಯರು ಪರೀಕ್ಷೆಗೆ ಮೂರು ಸಾಲು ಇಟ್ಟುಕೊಳ್ಳಲಿ: 1ರಿಂದ ಮೊದಲಾಗುವ ಒಂದು ಸಂಖ್ಯೆ, 132 ಅಕ್ಷರ ತುಂಬಿದ ಒಂದು ಸಾಲು, ಒತ್ತಕ್ಷರಗಳ ಒಂದು ಉದ್ದ ಹೆಸರು. ಅದರ ಜೊತೆಗೆ 66 ಸಾಲಿನ ಒಂದು ಪೂರ್ಣ ಹಾಳೆಯನ್ನೂ ಹೊಡೆದು ನೋಡಲಿ. ಹಿರಿಯರು ಕಾಗದ ಕೈಗೆ ಬಂದೊಡನೆ ಖಾತೆಯ ಅಂಕಿಗಳನ್ನು ಬೆರಳಿಟ್ಟು ಎಣಿಸಲಿ, ಹೆಸರಿನ ಕೊನೆಯ ಅಕ್ಷರ ನೋಡಲಿ. ತಪ್ಪು ಕಂಡರೆ ಪೆನ್ನಿನಿಂದ ತಿದ್ದಬೇಡಿ. ತಿದ್ದಿದ ಕಾಗದ ಯಾವ ಕಚೇರಿಯಲ್ಲೂ ನಡೆಯದು. ಮೂಲವನ್ನು ಹಾಗೆಯೇ ಇಟ್ಟುಕೊಂಡು, ಅದರ ನಕಲನ್ನು ಅರ್ಜಿಗೆ ಲಗತ್ತಿಸಿ ಹೊಸ ಪ್ರತಿ ಕೇಳಿರಿ. ಮೇಲಿನ ಹಿರಿಯರಿಗೆ ಮೂರನೆಯ ಸಲ ಹೋದಾಗ ಏಳು ಸಾಲೂ ಒಂದೇ ಹಾಳೆಯಲ್ಲಿ ಸಿಕ್ಕಿದವು.